ಲಿವರ್ ಕಾಯಿಲೆ ಇರುವವರಿಗೆ ಪ್ಲೇಟ್‌ಲೆಟ್ 16,000ಕ್ಕೆ ಇಳಿದರೆ ಅದೂ ಸ್ಪ್ಲೀನ್ (ಗುಲ್ಮ) ಕೆಲಸವೇನಾ?

ತಂಗಿಯ ಫೈಲು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 36 ವರ್ಷ. ಆಟೋಇಮ್ಯೂನ್ ಹೆಪಟೈಟಿಸ್ ಇದೆ, ಅಂದರೆ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ಬೀಳುವ ಕಾಯಿಲೆ. ಆ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆಯಲ್ಲಿ ಚೆನ್ನಾಗಿಯೇ ಇದ್ದಳು. ಸ್ಪ್ಲೀನ್ ಸ್ವಲ್ಪ ದೊಡ್ಡದಿದೆ, ಅದಕ್ಕೇ ಪ್ಲೇಟ್‌ಲೆಟ್ ಕಮ್ಮಿ, ತಲೆ ಕೆಡಿಸಿಕೊಳ್ಳಬೇಡಿ ಅಂತ ಮೊದಲಿಂದಲೂ ಹೇಳುತ್ತಿದ್ದರು. 1.3 ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು.

ಈಗ ಎರಡೂ ಕಾಲಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿ ಬಂದಿವೆ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಮೆಟ್ಟಿಲು ಹತ್ತಿದರೆ ಏದುಸಿರು. ಕಣ್ಣು ಹಳದಿ. ಅಡ್ಮಿಟ್ ಮಾಡಿದ್ದೇವೆ. ರಿಪೋರ್ಟ್ ಹೀಗಿದೆ:

ಪ್ಲೇಟ್‌ಲೆಟ್ 16,000. ಹಿಮೋಗ್ಲೋಬಿನ್ 8.1, ಮೊದಲು 11.8 ಇತ್ತು. ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) 3.9, ಅದರಲ್ಲಿ ಡೈರೆಕ್ಟ್ 0.7. ಲಿವರ್ ಕಿಣ್ವಗಳು ಎಎಸ್‌ಟಿ 96, ಎಎಲ್‌ಟಿ 41. ಆಲ್ಬುಮಿನ್ (ಲಿವರ್ ಮಾಡುವ ಪ್ರೋಟೀನ್) 3.9. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.1. ಸ್ಪ್ಲೀನ್ 13.5 ಸೆಂ.ಮೀ, ಹಳೇ ಸ್ಕ್ಯಾನ್‌ನಲ್ಲೂ ಅಷ್ಟೇ ಇತ್ತು.

ರಕ್ತದ ಡಾಕ್ಟ್ರು ಇನ್ನೂ ಬಂದು ನೋಡಿಲ್ಲ. ಅವರ ಕಡೆಯ ಕಿರಿಯರೊಬ್ಬರು ಫೈಲ್ ನೋಡಿ "ಲಿವರ್ ಪೇಷಂಟ್ ಅಲ್ವಾ, ಇದೆಲ್ಲ ಇದ್ದದ್ದೇ" ಅಂದರು. ಲಿವರ್ ಡಾಕ್ಟ್ರು "ಲಿವರ್ ಇದ್ದ ಹಾಗೇ ಇದೆ, ರಕ್ತದವರನ್ನೇ ಕೇಳಿ" ಅಂತಾರೆ. ನಾವು ನಡುವೆ ನಿಂತಿದ್ದೇವೆ. ಇಂಥದ್ದನ್ನ ನೋಡಿದವರು ಯಾರಾದರೂ ಇದ್ದೀರಾ? ನಾವು ಏನು ಕೇಳಬೇಕು?

---

ಸ್ಲೈಡ್ ನೋಡುವವನು

ನಾನು ಡಾಕ್ಟರ್ ಅಲ್ಲ. ಹೆಮಟಾಲಜಿ ಲ್ಯಾಬಿನಲ್ಲಿ ಕೆಲಸ. ಇಂಥ ಸ್ಯಾಂಪಲ್ ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ, ಹಾಗಾಗಿ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಸ್ಪ್ಲೀನ್ ವಿಷಯ. ಆರೋಗ್ಯವಂತರಲ್ಲೂ ಪ್ಲೇಟ್‌ಲೆಟ್‌ಗಳ ಸುಮಾರು ಮೂರನೇ ಒಂದು ಭಾಗ ಸ್ಪ್ಲೀನ್‌ನಲ್ಲೇ ಇರುತ್ತದೆ. ಲಿವರ್ ಗಟ್ಟಿಯಾಗಿ, ಕರುಳು ಮತ್ತು ಸ್ಪ್ಲೀನ್‌ನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಏರಿದರೆ ಸ್ಪ್ಲೀನ್ ಹಿಗ್ಗುತ್ತದೆ, ಅಲ್ಲಿ ಉಳಿಯುವ ಪಾಲೂ ಏರುತ್ತದೆ. ಜೊತೆಗೆ ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆಮಜ್ಜೆಗೆ ಹೇಳುವ ಹಾರ್ಮೋನು, ಥ್ರಾಂಬೋಪೊಯೆಟಿನ್, ಬಹುಪಾಲು ಲಿವರ್‌ನಲ್ಲೇ ಆಗುವುದು. ಲಿವರ್ ಸೋತರೆ ಅದೂ ಕಮ್ಮಿ. ಇದೆಲ್ಲ ನಿಜ. ಆದರೆ ಈ ದಾರಿಯಲ್ಲಿ ಇಳಿಯುವ ಪ್ಲೇಟ್‌ಲೆಟ್ ನಿಧಾನವಾಗಿ, ವರ್ಷಗಟ್ಟಲೆ ಇಳಿಯುತ್ತದೆ. ಸಾಮಾನ್ಯವಾಗಿ 50,000ದಿಂದ 1.5 ಲಕ್ಷದ ನಡುವೆ ನಿಲ್ಲುತ್ತದೆ. ಸ್ಪ್ಲೀನ್ ಅಳತೆ ಒಂದಿಷ್ಟೂ ಬದಲಾಗದೆ 1.3 ಲಕ್ಷದಿಂದ 16,000ಕ್ಕೆ ದಢಕ್ಕನೆ ಬಿದ್ದರೆ ಅದನ್ನ ಸ್ಪ್ಲೀನ್ ತಲೆಗೆ ಕಟ್ಟೋಕೆ ಆಗಲ್ಲ.

ಎರಡನೇದು. ಬಿಲಿರುಬಿನ್ 3.9, ಡೈರೆಕ್ಟ್ 0.7 ಮಾತ್ರ. ಅಂದರೆ ಏರಿರುವುದು ಇಂಡೈರೆಕ್ಟ್ ಭಾಗ, ಕೆಂಪುಕಣ ಒಡೆದಾಗ ಬರುವ, ಲಿವರ್ ಇನ್ನೂ ಸಂಸ್ಕರಿಸದ ಭಾಗ. ಲಿವರ್ ಕೈಕೊಟ್ಟಿದ್ದರೆ ಡೈರೆಕ್ಟ್ ಕೂಡ ಜೊತೆಗೇ ಏರುತ್ತಿತ್ತು, ಆಲ್ಬುಮಿನ್ ಇಳಿಯುತ್ತಿತ್ತು, ಐಎನ್‌ಆರ್ ಏರುತ್ತಿತ್ತು. ಇಲ್ಲಿ ಅದ್ಯಾವುದೂ ಇಲ್ಲ. ಎಎಸ್‌ಟಿ ಏರಿದೆ, ಎಎಲ್‌ಟಿ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಎಎಸ್‌ಟಿ ಕೆಂಪು ರಕ್ತಕಣದಲ್ಲೂ ಇರುತ್ತದೆ, ಕಣ ಒಡೆದರೆ ಹೊರಗೆ ಬರುತ್ತದೆ. ಹಿಮೋಗ್ಲೋಬಿನ್ ಇಳಿದಿರುವುದನ್ನೂ ಸೇರಿಸಿ ನೋಡಿ. ಕೆಂಪುಕಣ ಒಡೆಯುತ್ತಿವೆಯಾ ಅಂತ ನೋಡಲೇಬೇಕು.

ನೀವು ಕೇಳಬೇಕಾದ್ದು: ರೆಟಿಕ್ಯುಲೋಸೈಟ್ (ಎಳೆಯ ಕೆಂಪುಕಣ) ಕೌಂಟ್, ಎಲ್‌ಡಿಎಚ್ (ಕಣ ಒಡೆದರೆ ಏರುವ ಕಿಣ್ವ), ಡೈರೆಕ್ಟ್ ಕೂಂಬ್ಸ್ ಟೆಸ್ಟ್ (ಕೆಂಪುಕಣಕ್ಕೆ ಆಂಟಿಬಾಡಿ ಅಂಟಿದೆಯಾ ಅಂತ ನೋಡುವುದು), ಮತ್ತೆ ಅನುಭವ ಇರುವವರು ಕಣ್ಣಾರೆ ನೋಡಿದ ರಕ್ತದ ಸ್ಮಿಯರ್, ಅಂದರೆ ಗಾಜಿನ ಸ್ಲೈಡ್ ಮೇಲೆ ಸವರಿದ ರಕ್ತ. ಕೊನೇದು ಅತೀ ಮುಖ್ಯ. ಮೆಷಿನ್ ಕೊಡುವ ಸಂಖ್ಯೆ ಸಾಲದು.

---

ಸುಮ್ನೆ ಓದುಗ

ಮೆಷಿನ್ ಸಾಲದು ಅಂದ್ರೆ? ಇಷ್ಟು ದುಡ್ಡಿನ ಮೆಷಿನ್ ಇಟ್ಟುಕೊಂಡು ಮತ್ತೆ ಕಣ್ಣಲ್ಲಿ ನೋಡಬೇಕಾ?

---

ಸ್ಲೈಡ್ ನೋಡುವವನು

ಬೇಕು ಸ್ವಾಮಿ. ಮೂರು ಕಾರಣ.

ಕೆಲವರ ರಕ್ತದಲ್ಲಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮೆಷಿನ್ ಆ ಗಂಟನ್ನು ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ಆಗ ಕೌಂಟ್ ಸುಳ್ಳೇ ಕಮ್ಮಿ ಬರುತ್ತದೆ. ಸ್ಮಿಯರ್‌ನ ಅಂಚಿನಲ್ಲಿ ಗಂಟು ಕಂಡರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದರಾಯಿತು. ಇವರ ತಂಗಿಗೆ ಚುಕ್ಕಿ, ಒಸಡಿನ ರಕ್ತ ಎಲ್ಲ ಇರುವುದರಿಂದ ಇದು ಸುಳ್ಳು ಕೌಂಟ್ ಅಂತ ಅನ್ನಿಸಲ್ಲ. ಆದರೂ ನೋಡಿಬಿಡಬೇಕು.

ಎರಡನೇದು, ಕೆಂಪುಕಣದ ಆಕಾರ. ಆಂಟಿಬಾಡಿ ಅಂಟಿಕೊಂಡ ಕಣ ಸ್ಪ್ಲೀನ್ ಮೂಲಕ ಹಾಯುವಾಗ ಅಲ್ಲಿನ ಮ್ಯಾಕ್ರೋಫೇಜ್‌ಗಳು ಅದರ ಪೊರೆಯ ಚೂರನ್ನು ಕಚ್ಚಿ ತೆಗೆಯುತ್ತವೆ. ಪೊರೆ ಕಮ್ಮಿಯಾದ ಕಣ ಗುಂಡಗಾಗುತ್ತದೆ. ಮಾಮೂಲಿ ಕಣದ ನಡುವೆ ಒಂದು ತಿಳಿ ಬಣ್ಣದ ಜಾಗ ಇರುತ್ತದಲ್ಲ, ಅದು ಇದರಲ್ಲಿ ಇರುವುದಿಲ್ಲ. ಪೂರ್ತಿ ಗಾಢ ಕೆಂಪು, ಸೈಜು ಚಿಕ್ಕದು. ಅದೇ ಸ್ಫಿರೋಸೈಟ್. ಸುತ್ತ ನೀಲಿ ಛಾಯೆಯ ದೊಡ್ಡ ಕಣಗಳು ಇದ್ದರೆ ಅವು ಮಜ್ಜೆಯಿಂದ ಈಗಷ್ಟೇ ಬಂದ ಎಳೆಯ ಕಣಗಳು. ಆದರೆ ಲಿವರ್ ತೀರಾ ಹದಗೆಟ್ಟವರ ಸ್ಮಿಯರ್ ಬೇರೆ ಥರ. ಅಲ್ಲಿ ಮುಳ್ಳು ಮುಳ್ಳಾದ ಕಣ ಕಾಣುತ್ತವೆ, ಸ್ಪರ್ ಸೆಲ್ ಅಂತಾರೆ. ಪೊರೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಸೇರಿ ಹಾಗಾಗುವುದು. ಅವೂ ಬೇಗ ಒಡೆಯುತ್ತವೆ, ಆದರೆ ಅದಕ್ಕೂ ಆಂಟಿಬಾಡಿಗೂ ಸಂಬಂಧವಿಲ್ಲ. ಅಲ್ಲಿ ಸ್ಟಿರಾಯ್ಡ್ ಕೊಟ್ಟು ಉಪಯೋಗವಿಲ್ಲ.

ಮೂರನೇದು ಹೆದರಿಸುವಂಥದ್ದು. ಹೆಲ್ಮೆಟ್ ಆಕಾರದ, ಚೂರುಚೂರಾದ ಕಣ, ಅಂದರೆ ಶಿಸ್ಟೋಸೈಟ್ ಕಂಡರೆ ಟಿಟಿಪಿ ಇರಬಹುದು, ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪುಗಟ್ಟುವ ಕಾಯಿಲೆ. ಅಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಂಪುಕಣ ಒಡೆಯುತ್ತದೆ, ಎಲ್‌ಡಿಎಚ್ ಏರುತ್ತದೆ. ಕೂಂಬ್ಸ್ ಸಾಮಾನ್ಯವಾಗಿ ನೆಗೆಟಿವ್. ತಕ್ಷಣ ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವಭಾಗ ಬದಲಿಸುವುದು) ಬೇಕಾಗುವ ಎಮರ್ಜೆನ್ಸಿ ಅದು. ಮೆಷಿನ್ ಈ ಮೂರನ್ನೂ "ಪ್ಲೇಟ್‌ಲೆಟ್ ಕಮ್ಮಿ, ಹಿಮೋಗ್ಲೋಬಿನ್ ಕಮ್ಮಿ" ಅಂತ ಒಂದೇ ಥರ ಪ್ರಿಂಟ್ ಮಾಡುತ್ತದೆ.

---

ಹಳೇ ರೋಗಿ

ಅಕ್ಕ, ಮೊದಲು ಒಂದು ಮಾತು. ಬಾಯೊಳಗೆ ರಕ್ತದ ಗುಳ್ಳೆ ಎದ್ದಿವೆಯಾ ನೋಡಿ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಿಪರೀತ ತಲೆನೋವು ಬಂದರೆ, ಮಾತು ತೊದಲಿದರೆ, ಮಂಕಾದರೆ ಬೆಳಗ್ಗೆ ರೌಂಡ್ಸ್‌ಗೆ ಬರುತ್ತಾರೆ ಅಂತ ಕಾಯಬೇಡಿ. ಆಗಲೇ ನರ್ಸ್‌ಗೆ ಹೇಳಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್ ಯಾವುದೂ ಬೇಡ.

ನನಗೆ ಸಿರೋಸಿಸ್ (ಲಿವರ್ ನಾರುಗಟ್ಟಿ ಗಟ್ಟಿಯಾಗುವುದು) ಇದೆ, ಐಟಿಪಿಯೂ (ಆಂಟಿಬಾಡಿ ಪ್ಲೇಟ್‌ಲೆಟ್ ನಾಶ ಮಾಡುವ ಕಾಯಿಲೆ) ಇದೆ. ಎರಡೂ ಇವೆ ಅಂತ ಒಪ್ಪಿಕೊಳ್ಳೋಕೆ ಡಾಕ್ಟರಿಗೇ ತುಂಬಾ ಸಮಯ ಹಿಡಿಯಿತು. ಐಟಿಪಿ ಇದೆ ಅಂತ ಸಾಬೀತು ಮಾಡುವ ಒಂದು ಟೆಸ್ಟ್ ಅನ್ನೋದು ಇಲ್ಲ. ಬೇರೆ ಕಾರಣ ಒಂದೊಂದೇ ತೆಗೆದುಹಾಕಿ ಕೊನೆಗೆ ಉಳಿಯುವುದು ಅದು. ಸಿರೋಸಿಸ್ ಇದ್ದವರಲ್ಲಿ ಬೇರೆ ಕಾರಣ ಕಣ್ಣೆದುರೇ ಕೂತಿರುತ್ತದೆ, ತೆಗೆದುಹಾಕೋದು ಹೇಗೆ?

---

ಸುಮ್ನೆ ಓದುಗ

ಪ್ಲೇಟ್‌ಲೆಟ್ ಆಂಟಿಬಾಡಿ ಟೆಸ್ಟ್ ಅಂತ ಒಂದಿದೆಯಲ್ಲ? ಅದನ್ನ ಮಾಡಿಸಿದರೆ ಆಯ್ತಪ್ಪ.

---

ರಾತ್ರಿ ಪಾಳಿ

ಲಿವರ್ ವಿಭಾಗದಲ್ಲಿ ವೈದ್ಯ. ಇಲ್ಲಿ ಯಾರಿಗೂ ಚಿಕಿತ್ಸೆ ಹೇಳುತ್ತಿಲ್ಲ, ವಿಷಯ ಮಾತ್ರ.

ಆ ಟೆಸ್ಟ್ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಐಟಿಪಿ ಇಲ್ಲದ ಲಿವರ್ ರೋಗಿಗಳಲ್ಲೂ ಅದು ಪಾಸಿಟಿವ್ ಬರುತ್ತದೆ, ಐಟಿಪಿ ಖಚಿತವಾಗಿ ಇರುವವರಲ್ಲೂ ನೆಗೆಟಿವ್ ಬರಬಹುದು. ಕೆಲವು ಕಡೆ ಎಳೆಯ ಪ್ಲೇಟ್‌ಲೆಟ್‌ಗಳ ಪಾಲು ಎಷ್ಟಿದೆ ಅಂತ ನೋಡುತ್ತಾರೆ. ಐಟಿಪಿಯಲ್ಲಿ ಅದು ಏರಿರುತ್ತದೆ. ಸುಳಿವು ಸಿಗುತ್ತದೆ, ತೀರ್ಪು ಸಿಗುವುದಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಈ ಎರಡು ಕಾಯಿಲೆ ಒಟ್ಟಿಗೆ ಬಂದಾಗ ಒಂದರ ಟೆಸ್ಟನ್ನು ಇನ್ನೊಂದು ಕೆಡಿಸುತ್ತದೆ. ಇದನ್ನ ನಮ್ಮವರೂ ಮರೆಯುತ್ತಾರೆ, ಹೆಮಟಾಲಜಿಯವರೂ ಮರೆಯುತ್ತಾರೆ.

ಫಿಬ್-4 ನೋಡಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡುವ ಲೆಕ್ಕ ಇದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಅದನ್ನ, ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ) ಗುಣಿಸು ಎಎಲ್‌ಟಿಯ ವರ್ಗಮೂಲ, ಇದರಿಂದ ಭಾಗಿಸಬೇಕು. 1.3ಕ್ಕಿಂತ ಕಮ್ಮಿ ಬಂದರೆ ನಿರಾಳ, 2.67 ದಾಟಿದರೆ ಅನುಮಾನ. ಇವರ ತಂಗಿಯ ಈಗಿನ ಸಂಖ್ಯೆ ಹಾಕಿ: 36 ಗುಣಿಸು 96, ಭಾಗಿಸು 16 ಗುಣಿಸು 6.4. ಸುಮಾರು 34 ಬರುತ್ತದೆ. ಹಳೇ ರಿಪೋರ್ಟಿನಲ್ಲಿ ಎಎಸ್‌ಟಿ, ಎಎಲ್‌ಟಿ ಎರಡೂ 40ರ ಒಳಗೆ ಇದ್ದಿದ್ದರೆ 2ರ ಆಸುಪಾಸು ಬರುತ್ತಿತ್ತು. ಲಿವರ್‌ನ ನಾರು ಅಷ್ಟು ಬೇಗ ಹಾಗೆ ಬೆಳೆಯುವುದಿಲ್ಲ. ಎಎಸ್‌ಟಿ ಕೆಂಪುಕಣದಿಂದ ಬಂತು, ಪ್ಲೇಟ್‌ಲೆಟ್ ಆಂಟಿಬಾಡಿಯಿಂದ ಇಳಿಯಿತು, ಸೂತ್ರ ಮಾತ್ರ ಎರಡನ್ನೂ ಲಿವರ್ ಖಾತೆಗೆ ಬರೆಯಿತು.

ಲಿವರ್ ಎಷ್ಟು ಕೆಟ್ಟಿದೆ ಅಂತ ಅಳೆಯುವ ಮೆಲ್ಡ್ ಸ್ಕೋರ್, ಚೈಲ್ಡ್ ಸ್ಕೋರ್ ಎರಡರಲ್ಲೂ ಬಿಲಿರುಬಿನ್ ಇದೆ. ಕಣ ಒಡೆದು ಏರಿದ ಬಿಲಿರುಬಿನ್ ಹಾಕಿದರೆ ಲಿವರ್ ಇದ್ದದ್ದಕ್ಕಿಂತ ಕೆಟ್ಟದ್ದು ಅಂತ ಕಾಣುತ್ತದೆ. ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಜಾಸ್ತಿ ಇದ್ದು ಸ್ಕ್ಯಾನ್‌ನಲ್ಲಿ ಗಟ್ಟಿತನ 20 ಕಿಲೋಪ್ಯಾಸ್ಕಲ್‌ಗಿಂತ ಕಮ್ಮಿ ಇದ್ದರೆ ಅನ್ನನಾಳದ ಉಬ್ಬಿದ ರಕ್ತನಾಳ ಹುಡುಕಲು ಎಂಡೋಸ್ಕೋಪಿ ಬೇಡ ಅನ್ನುವ ನಿಯಮವಿದೆ. ಐಟಿಪಿ ಇದ್ದವರಿಗೆ ಆ ನಿಯಮವೂ ಕೂರುವುದಿಲ್ಲ.

ಇದು ಉಲ್ಟಾನೂ ಆಗುತ್ತದೆ. ಕಣ ಒಡೆದರೆ ಹ್ಯಾಪ್ಟೋಗ್ಲೋಬಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ ಅಂತ ಪುಸ್ತಕ ಹೇಳುತ್ತದೆ. ಆದರೆ ಹ್ಯಾಪ್ಟೋಗ್ಲೋಬಿನ್ ತಯಾರಾಗುವುದೇ ಲಿವರ್‌ನಲ್ಲಿ. ಸಿರೋಸಿಸ್ ಇದ್ದವರಲ್ಲಿ ಒಂದು ಕಣವೂ ಒಡೆಯದೆ ಅದು ಕಮ್ಮಿ ಇರಬಹುದು. ಬಿ12 ಕೂಡ ಹಾಗೇ. ಲಿವರ್ ಕಣ ಸತ್ತಾಗ ಒಳಗಿದ್ದ ಬಿ12 ಹೊರಗೆ ಬಂದು, ರಿಪೋರ್ಟಿನಲ್ಲಿ ಧಾರಾಳವಾಗಿ ಇದೆ ಅಂತ ತೋರಿಸಬಹುದು.

ಕೂಂಬ್ಸ್ ಕೂಡ ನೂರಕ್ಕೆ ನೂರು ನಂಬುವಂಥದ್ದಲ್ಲ. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಐಜಿಜಿ ಅನ್ನುವ ಆಂಟಿಬಾಡಿ ಏರಿರುತ್ತದೆ. ಆಗ ಕಣ ಒಡೆಯದಿದ್ದರೂ ಸ್ವಲ್ಪ ಪಾಸಿಟಿವ್ ತೋರಿಸಬಹುದು. ಅದಕ್ಕೇ ಒಂದೇ ಟೆಸ್ಟ್ ಹಿಡಿದುಕೊಂಡು ಕೂರಬಾರದು. ರೆಟಿಕ್ಯುಲೋಸೈಟ್, ಎಲ್‌ಡಿಎಚ್, ಇಂಡೈರೆಕ್ಟ್ ಬಿಲಿರುಬಿನ್, ಸ್ಮಿಯರ್, ಕೂಂಬ್ಸ್ ಎಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿವೆಯಾ ನೋಡಬೇಕು.

---

ಪುಟ್ಟಿಯ ಅಮ್ಮ

ನಮ್ಮ ಮಗುವಿಗೂ ಎರಡೂ ಒಟ್ಟಿಗೆ ಬಂದಿತ್ತು. ಜೈಂಟ್ ಸೆಲ್ ಹೆಪಟೈಟಿಸ್ ಮತ್ತು ಕೂಂಬ್ಸ್ ಪಾಸಿಟಿವ್ ರಕ್ತಹೀನತೆ. ಎಳೆಯ ಮಕ್ಕಳಲ್ಲಿ ಬರುವ ಅಪರೂಪದ್ದು, ದೊಡ್ಡವರ ಆಟೋಇಮ್ಯೂನ್ ಹೆಪಟೈಟಿಸ್‌ಗಿಂತ ಬೇರೆ. ಸ್ಟಿರಾಯ್ಡ್ ಇಳಿಸಿದಾಗೆಲ್ಲ ತಿರುಗಿ ಬರುತ್ತಿತ್ತು, ಕೊನೆಗೆ ರಿಟುಕ್ಸಿಮ್ಯಾಬ್ (ಆಂಟಿಬಾಡಿ ಮಾಡುವ ಕಣಗಳನ್ನು ತಗ್ಗಿಸುವ ಔಷಧಿ) ಕೊಟ್ಟರು. ಪುಟ್ಟ ಮಕ್ಕಳ ತಂದೆತಾಯಿ ಯಾರಾದರೂ ಓದುತ್ತಿದ್ದರೆ: ರಕ್ತಹೀನತೆ ಬಂದು ಕಾಮಾಲೆ ಹೋಗುತ್ತಲೇ ಇಲ್ಲ ಅಂದರೆ ಲಿವರ್ ಕಿಣ್ವವನ್ನೂ ಕೂಂಬ್ಸನ್ನೂ ಒಟ್ಟಿಗೇ ನೋಡಿ ಅಂತ ಕೇಳಿ. ಇಷ್ಟೇ ಹೇಳೋಕೆ ಬಂದೆ.

---

ತಂಗಿಯ ಫೈಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೆಸ್ಟ್‌ಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದೆ. ರಕ್ತದ ಹಿರಿಯ ಡಾಕ್ಟ್ರು ಬಂದು ತಾವೇ ಎಲ್ಲ ಬರೆದರು, ಬೇಜಾರು ಮಾಡಿಕೊಳ್ಳಲಿಲ್ಲ.

ರೆಟಿಕ್ಯುಲೋಸೈಟ್ 7%. ಎಲ್‌ಡಿಎಚ್ 780. ಕೂಂಬ್ಸ್ ಪಾಸಿಟಿವ್, ಐಜಿಜಿ ಅಂತ ಬರೆದಿದ್ದಾರೆ. ಸ್ಮಿಯರ್‌ನಲ್ಲಿ ಸ್ಫಿರೋಸೈಟ್ ಇವೆ, ಶಿಸ್ಟೋಸೈಟ್ ಇಲ್ಲ, ಪ್ಲೇಟ್‌ಲೆಟ್ ಗಂಟೂ ಇಲ್ಲ. "ಇವಾನ್ಸ್ ಸಿಂಡ್ರೋಮ್" ಅಂದರು. ಅಜಥಯೋಪ್ರಿನ್‌ನಿಂದ ಹೀಗಾಯ್ತಾ ಅಂತ ಕೇಳಿದ್ದಕ್ಕೆ ಅನ್ನಿಸಲ್ಲ ಅಂದರು. ಸ್ಟಿರಾಯ್ಡ್ ಶುರು ಮಾಡುತ್ತಾರಂತೆ. ಐವಿಐಜಿಯೂ (ರಕ್ತನಾಳಕ್ಕೆ ಹಾಕುವ ಆಂಟಿಬಾಡಿ) ಬೇಕಾಗಬಹುದು ಅಂದರು. ರಕ್ತ ಕೊಡಬೇಕಾದರೆ ಮ್ಯಾಚ್ ಆಗೋದು ಕಷ್ಟ ಅಂತಾನೂ ಹೇಳಿದರು, ಅದು ಕೇಳಿ ಕೈಕಾಲೇ ಆಡಲಿಲ್ಲ.

---

ಸ್ಲೈಡ್ ನೋಡುವವನು

ಅಜಥಯೋಪ್ರಿನ್ ಮೂಳೆಮಜ್ಜೆಯನ್ನು ಕುಗ್ಗಿಸಿದ್ದರೆ ರೆಟಿಕ್ಯುಲೋಸೈಟ್ 7% ಬರುತ್ತಿರಲಿಲ್ಲ. ಮಜ್ಜೆ ಜೋರಾಗಿ ಕೆಲಸ ಮಾಡುತ್ತಿದೆ, ಮಾಡಿದ್ದೆಲ್ಲ ಹೊರಗೆ ನಾಶವಾಗುತ್ತಿದೆ. ಅವರು ಹೇಳಿದ್ದು ಸರಿ.

ಕೆಂಪುಕಣ ಮತ್ತು ಪ್ಲೇಟ್‌ಲೆಟ್ ಎರಡರ ಮೇಲೂ ಆಂಟಿಬಾಡಿ ಬಂದರೆ ಇವಾನ್ಸ್ ಅನ್ನುತ್ತಾರೆ. ರಾಬರ್ಟ್ ಇವಾನ್ಸ್ ಮತ್ತು ಜೊತೆಗಾರರು 1951ರಲ್ಲಿ ಈ ಜೋಡಿಯ ಬಗ್ಗೆ ಬರೆದರು. ಕೂಂಬ್ಸ್ ಟೆಸ್ಟ್ ಅದಕ್ಕೂ ಹಳೇದು, 1945ರದ್ದು. ಇಷ್ಟು ವರ್ಷ ಆದರೂ ನಮ್ಮ ಬೆಂಚಿನ ಮೇಲೆ ದಿನಾ ನಡೆಯುತ್ತದೆ. ರೋಗಿಯ ಕೆಂಪುಕಣ ಚೆನ್ನಾಗಿ ತೊಳೆದು, ಮನುಷ್ಯರ ಆಂಟಿಬಾಡಿಗೆ ಅಂಟುವ ಸೀರಮ್ ಹಾಕಿದರೆ ಕಣಗಳು ಗುಂಪುಗಟ್ಟುತ್ತವೆ. ಅಷ್ಟೇ.

ರಕ್ತ ಮ್ಯಾಚ್ ಆಗಲ್ಲ ಅಂದದ್ದಕ್ಕೆ ಹೆದರಬೇಡಿ. ಆ ಆಂಟಿಬಾಡಿ ಹೆಚ್ಚುಕಮ್ಮಿ ಎಲ್ಲರ ಕೆಂಪುಕಣಕ್ಕೂ ಅಂಟುತ್ತದೆ. ಅದಕ್ಕೇ ಕ್ರಾಸ್‌ಮ್ಯಾಚ್‌ನಲ್ಲಿ ಯಾವ ಬ್ಯಾಗೂ "ಸರಿ" ಅಂತ ಬರುವುದಿಲ್ಲ. ಅದರ ಕೆಳಗೆ ಬೇರೆ ಆಂಟಿಬಾಡಿ ಅಡಗಿದೆಯಾ ಅಂತ ಬ್ಲಡ್ ಬ್ಯಾಂಕಿನವರು ಹುಡುಕುತ್ತಾರೆ. ಹಿಂದೆ ರಕ್ತ ಹಾಕಿಸಿಕೊಂಡಿದ್ದರೆ, ಬಸಿರಾಗಿದ್ದರೆ ತಪ್ಪದೆ ಹೇಳಿ. ಆ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಜೀವಕ್ಕೆ ಅಪಾಯ ಅನ್ನುವ ಹಂತ ಬಂದರೆ ಮ್ಯಾಚ್ ಆಗಲಿಲ್ಲ ಅಂತ ರಕ್ತ ಕೊಡದೆ ಕೂರುವುದಿಲ್ಲ. ಕೊಟ್ಟೇ ಕೊಡುತ್ತಾರೆ.

---

ರಾತ್ರಿ ಪಾಳಿ

ಐವಿಐಜಿ ಹಾಕುವ ಮೊದಲು ಒಂದು ವಿಷಯ ಡಾಕ್ಟರ ಹತ್ತಿರ ಕೇಳಿ. ಹೆಪಟೈಟಿಸ್ ಬಿ ಟೆಸ್ಟ್‌ಗೆ ರಕ್ತ ತೆಗೆದಿದ್ದಾರಾ? ಎಚ್‌ಬಿಎಸ್‌ಎಜಿ (ಈಗ ವೈರಸ್ ಇದೆಯಾ ಅಂತ ನೋಡುವುದು) ಮಾತ್ರ ಅಲ್ಲ, ಕೋರ್ ಆಂಟಿಬಾಡಿಯೂ (ಹಿಂದೆ ಯಾವಾಗಲಾದರೂ ಬಂದಿತ್ತಾ ಅಂತ ನೋಡುವುದು) ಬೇಕು.

ಯಾಕೆಂದರೆ ಐವಿಐಜಿ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿ. ಆ ದಾನಿಗಳಲ್ಲಿ ಯಾರದ್ದೋ ಕೋರ್ ಆಂಟಿಬಾಡಿ ಇವರ ರಕ್ತದಲ್ಲಿ ಕಾಣಿಸಿಕೊಂಡು ಟೆಸ್ಟ್ ಸುಳ್ಳೇ ಪಾಸಿಟಿವ್ ಬರಬಹುದು. ಆಮೇಲೆ ರಿಟುಕ್ಸಿಮ್ಯಾಬ್ ಮಾತು ಬಂದಾಗ ಇದು ದೊಡ್ಡ ಗೊಂದಲ. ಐಜಿಜಿ ಮಟ್ಟಕ್ಕೂ ಮೊದಲೇ ರಕ್ತ ಕೊಟ್ಟಿರಲಿ. ಆಟೋಇಮ್ಯೂನ್ ಹೆಪಟೈಟಿಸ್ ಹತೋಟಿಯಲ್ಲಿದೆ ಅನ್ನೋಕೆ ಎಎಸ್‌ಟಿ, ಎಎಲ್‌ಟಿ ಜೊತೆ ಐಜಿಜಿಯೂ ನಾರ್ಮಲ್ ಇರಬೇಕು. ಐವಿಐಜಿ ಹಾಕಿದ ಮೇಲೆ ಆ ಸಂಖ್ಯೆಗೆ ಕೆಲವು ವಾರ ಅರ್ಥವೇ ಇರುವುದಿಲ್ಲ.

---

ಒಂದು ಪ್ರಶ್ನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಚಿಕ್ಕಮ್ಮನ ಮಗನಿಗೆ 17. ಕಾಮಾಲೆ, ರಕ್ತಹೀನತೆ. ಕಣ ಒಡೆಯುತ್ತಿದೆ ಅಂದರು. ಕೂಂಬ್ಸ್ ನೆಗೆಟಿವ್. ಆಂಟಿಬಾಡಿ ಕಾಯಿಲೆ ಅಲ್ಲ, ನೋಡೋಣ ಅಂತ ಮನೆಗೆ ಕಳಿಸಿದ್ದಾರೆ.

---

ರಾತ್ರಿ ಪಾಳಿ

@ಒಂದು ಪ್ರಶ್ನೆ, ಇವತ್ತೇ ಲಿವರ್ ಡಾಕ್ಟರಿಗೆ ತೋರಿಸಿ. ನಾಳೆಗೆ ಬೇಡ.

ಹದಿಹರೆಯದವರಲ್ಲಿ, ಯುವಕರಲ್ಲಿ ಲಿವರ್ ತೊಂದರೆ ಜೊತೆ ಕೂಂಬ್ಸ್ ನೆಗೆಟಿವ್ ಹಿಮೋಲಿಸಿಸ್ (ಕೆಂಪುಕಣ ಒಡೆಯುವುದು) ಅಂದರೆ ವಿಲ್ಸನ್ ಕಾಯಿಲೆ ತಲೆಗೆ ಬರಲೇಬೇಕು. ತಾಮ್ರ ಲಿವರ್‌ನಲ್ಲಿ ಸೇರಿಕೊಂಡು, ಒಮ್ಮೆಲೇ ರಕ್ತಕ್ಕೆ ನುಗ್ಗಿ ಕೆಂಪುಕಣ ಒಡೆಯುತ್ತದೆ. ಇದರಲ್ಲಿ ಬಿಲಿರುಬಿನ್ ಏರಿದ್ದರೂ ಆಲ್ಕಲೈನ್ ಫಾಸ್ಫಟೇಸ್ ವಿಚಿತ್ರವಾಗಿ ಕಮ್ಮಿ ಇರಬಹುದು. ಐಎನ್‌ಆರ್ ನೋಡಿಸಿ. ಸೆರುಲೋಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಒಯ್ಯುವ ಪ್ರೋಟೀನ್), ಮೂತ್ರದ ತಾಮ್ರ, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ ಅವರೇ ಹೇಳುತ್ತಾರೆ. ಲಿವರ್ ಬೇಗ ಸೋತರೆ ಕಸಿ ಬೇಕಾಗುವ ಕಾಯಿಲೆ ಇದು, ಅದಕ್ಕೇ ಅವಸರ ಮಾಡಿ ಅಂತಿದ್ದೇನೆ.

ಇನ್ನೂ ಒಂದಿದೆ. ಪಿಎನ್‌ಎಚ್ ಅನ್ನುವ ಅಪರೂಪದ ರಕ್ತದ ಕಾಯಿಲೆ. ಅದರಲ್ಲೂ ಕೂಂಬ್ಸ್ ನೆಗೆಟಿವ್, ಕಣ ಒಡೆಯುತ್ತದೆ, ಜೊತೆಗೆ ಲಿವರ್‌ನಿಂದ ರಕ್ತ ಹೊರಹೋಗುವ ನಾಳದಲ್ಲೇ ಹೆಪ್ಪುಗಟ್ಟಬಹುದು. ಫ್ಲೋ ಸೈಟೋಮೆಟ್ರಿಯಲ್ಲಿ ಗೊತ್ತಾಗುತ್ತದೆ. ಕೂಂಬ್ಸ್ ನೆಗೆಟಿವ್ ಬಂತು ಅಂದರೆ ಹುಡುಕಾಟ ಮುಗಿಯಿತು ಅಂತ ಅಲ್ಲ.

---

ಸುಮ್ನೆ ಓದುಗ

ನನಗೆ ಒಂದು ಅರ್ಥವಾಗಲ್ಲ. ಪ್ಲೇಟ್‌ಲೆಟ್ ಏರಿಸೋ ಮಾತ್ರೆ ಇದೆಯಲ್ಲ, ಎಲ್ಟ್ರೊಂಬೊಪ್ಯಾಗ್. ಅದನ್ನ ಕೊಟ್ಟು ಕೌಂಟ್ ಏರಿಸಿಬಿಟ್ಟರೆ ಇಷ್ಟು ಸ್ಟಿರಾಯ್ಡ್ ಯಾಕೆ?

---

ಹಳೇ ರೋಗಿ

ಅಣ್ಣ, ನನಗೆ ಆ ಮಾತ್ರೆ ಕೊಡೋ ಮುಂಚೆ ಇಬ್ಬರು ಡಾಕ್ಟ್ರು ಜಗಳವಾಡೋದೊಂದು ಬಾಕಿ. ಅದು ಲಿವರ್‌ಗೇ ಏಟು ಕೊಡಬಹುದು, ಪ್ಯಾಕೆಟ್ ಮೇಲೇ ಎಚ್ಚರಿಕೆ ಇದೆ. ಸಿರೋಸಿಸ್ ಇರುವವರಲ್ಲಿ ಯಾವುದೋ ಪ್ರೊಸೀಜರ್ ಮೊದಲು ಕೌಂಟ್ ಏರಿಸೋಕೆ ಅಂತ ಇದನ್ನ ಕೊಟ್ಟು ಒಂದು ದೊಡ್ಡ ಪ್ರಯೋಗ ಮಾಡಿದ್ದರಂತೆ.

---

ರಾತ್ರಿ ಪಾಳಿ

ಹೌದು, 2012ರಲ್ಲಿ ಪ್ರಕಟವಾಯಿತು. ಪೋರ್ಟಲ್ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಮಾತ್ರೆ ತಗೊಂಡವರಲ್ಲಿ 6 ಜನರಿಗೆ, ತಗೊಳ್ಳದ ಗುಂಪಿನಲ್ಲಿ ಒಬ್ಬರಿಗೆ. ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಿದರು.

ಲಿವರ್ ಕಾಯಿಲೆಯಲ್ಲಿ ರಕ್ತ ನೀರಾಗಿರುತ್ತದೆ, ಹೆಪ್ಪುಗಟ್ಟಲ್ಲ ಅಂತ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಹೆಪ್ಪುಗಟ್ಟಿಸುವ ವಸ್ತುಗಳೂ ಲಿವರ್‌ನಲ್ಲೇ ಆಗುತ್ತವೆ, ತಡೆಯುವ ವಸ್ತುಗಳೂ ಅಲ್ಲೇ ಆಗುತ್ತವೆ. ಎರಡೂ ಒಟ್ಟಿಗೆ ಇಳಿಯುತ್ತವೆ. ಪ್ಲೇಟ್‌ಲೆಟ್ 50,000 ಇರುವ ಎಷ್ಟೋ ಸಿರೋಸಿಸ್ ರೋಗಿಗಳು ಆರಾಮಾಗಿರುತ್ತಾರೆ. ಸಂಖ್ಯೆ ಚೆಂದ ಕಾಣಲಿ ಅಂತ ಏರಿಸಲು ಹೋದರೆ ಹೆಪ್ಪಿನ ಕಡೆಗೆ ವಾಲಬಹುದು. ಅದೇ ಜಾತಿಯ ಅವಾಟ್ರೊಂಬೊಪ್ಯಾಗ್, ಲುಸುಟ್ರೊಂಬೊಪ್ಯಾಗ್ ಎರಡಕ್ಕೂ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಿವರ್ ರೋಗಿಗಳಿಗೆ ಪ್ರೊಸೀಜರ್ ಮುಂಚೆ ಕೆಲವೇ ದಿನ ಕೊಡಲು. ಐಟಿಪಿ ನಿಜವಾಗಿಯೂ ಇದ್ದು ಸ್ಟಿರಾಯ್ಡ್ ಕೆಲಸ ಮಾಡದಿದ್ದರೆ ಈ ಗುಂಪಿನ ಔಷಧಿ ಕೊಡುವುದುಂಟು, ಆದರೆ ಲೆಕ್ಕ ಹಾಕಿ ಕೊಡಬೇಕು. ಮುಖ್ಯವಾಗಿ, ಇದು ಕೆಂಪುಕಣ ಒಡೆಯುವುದನ್ನ ನಿಲ್ಲಿಸುವುದಿಲ್ಲ. ಇವರ ತಂಗಿಗೆ ಆಗುತ್ತಿರುವುದು ಎರಡೂ.

ಸ್ಟಿರಾಯ್ಡ್ ಬಗ್ಗೆ ಎಲ್ಲರಿಗೂ ಸಿಟ್ಟು. ಆದರೆ ಈ ಒಂದು ಜಾಗದಲ್ಲಿ ಅದಕ್ಕೆ ಸಾಟಿಯಿಲ್ಲ. ಲಿವರ್ ಉರಿ, ಪ್ಲೇಟ್‌ಲೆಟ್, ಕೆಂಪುಕಣ, ಮೂರಕ್ಕೂ ಮೊದಲ ಔಷಧಿ ಅದೇ.

---

ಹಳೇ ರೋಗಿ

ಸ್ಪ್ಲೀನ್ ತೆಗೆದುಬಿಡಿ ಅಂತ ನನಗೂ ಒಬ್ಬರು ಹೇಳಿದ್ದರು. ಸಿರೋಸಿಸ್ ಇದ್ದವರಿಗೆ ಆ ಆಪರೇಷನ್ ಆದ ಮೇಲೂ ಪೋರ್ಟಲ್ ನಾಳದಲ್ಲಿ ಹೆಪ್ಪುಗಟ್ಟುವ ಭಯ, ಜೊತೆಗೆ ಜೀವನಪೂರ್ತಿ ಸೋಂಕಿನ ಭಯ. ನಾನು ಬೇಡ ಅಂದೆ.

---

ಪುಟ್ಟಿಯ ಅಮ್ಮ

ರಿಟುಕ್ಸಿಮ್ಯಾಬ್ ಹೆಸರು ಬಂದಿದ್ದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಅದನ್ನ ಕೊಟ್ಟ ಮೇಲೆ ಸುಮಾರು ಆರು ತಿಂಗಳು ಲಸಿಕೆ ಹಾಕಿದರೂ ಮೈ ಸರಿಯಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಯಾವ ಲಸಿಕೆ ಬಾಕಿ ಇದೆ, ಮೊದಲೇ ಮುಗಿಸಬಹುದಾ ಅಂತ ಕೇಳಿ. ಕಾಯಿಲೆ ಕಾಯಲ್ಲ ಅಂದರೆ ಬೇರೆ ಮಾತು. ಸಜೀವ ಲಸಿಕೆ ಮಾತ್ರ ಇಂಥ ಔಷಧಿ ನಡೆಯುವಾಗ ಬೇಡ.

---

ರಾತ್ರಿ ಪಾಳಿ

ಸರಿಯಾಗಿ ಹೇಳಿದ್ರಿ ಮೇಡಂ. ಹೆಪಟೈಟಿಸ್ ಬಿ ಮಾತನ್ನೂ ಪೂರ್ತಿ ಮಾಡುತ್ತೇನೆ. ಹಿಂದೆ ಯಾವಾಗಲೋ ಬಂದು ವಾಸಿಯಾದ ಹೆಪಟೈಟಿಸ್ ಬಿ ಕೂಡ ಲಿವರ್ ಕಣದೊಳಗೆ ಮಲಗಿರುತ್ತದೆ. ರಿಟುಕ್ಸಿಮ್ಯಾಬ್ ಅದನ್ನ ಎಬ್ಬಿಸಬಹುದು. ಜೀವ ಹೋಗುವಷ್ಟು ಕೆರಳಬಹುದು. ಕೋರ್ ಆಂಟಿಬಾಡಿ ಪಾಸಿಟಿವ್ ಇದ್ದರೆ ವೈರಸ್ ತಡೆಯುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಜೊತೆಗೇ ಶುರು ಮಾಡಿ, ಕೊನೇ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ. ಮೊದಲೇ ಲಿವರ್ ಸೊರಗಿರುವವರಲ್ಲಿ ಈ ಟೆಸ್ಟ್ ಬಿಟ್ಟುಹೋಗುವ ಹಾಗೇ ಇಲ್ಲ.

ಹೆಪಟೈಟಿಸ್ ಸಿ ಕೂಡ ನೋಡಿಸಿಬಿಡಿ. ಅದೊಂದೇ ಲಿವರ್ ಕೆಡಿಸಿ, ಐಟಿಪಿಯನ್ನೂ ತರಬಲ್ಲದು. ಅದಕ್ಕೆ ಈಗ ಕೆಲವೇ ವಾರದ ಮಾತ್ರೆ ಇದೆ. ವೈರಸ್ ಹೋದರೆ ಎಷ್ಟೋ ಜನರಿಗೆ ಪ್ಲೇಟ್‌ಲೆಟ್ ತಾನಾಗಿ ಸುಧಾರಿಸುತ್ತದೆ.

---

ಹಸಿರು ಎಲೆ

ಇಷ್ಟೆಲ್ಲ ಯಾಕೆ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಗಿಡಮೂಲಿಕೆ ಕ್ಯಾಪ್ಸೂಲ್ ಕೊಡಿ. ಸೈಡ್ ಎಫೆಕ್ಟೇ ಇಲ್ಲ.

---

ಸ್ಲೈಡ್ ನೋಡುವವನು

ರೋಗನಿರೋಧಕ ಶಕ್ತಿ ತನ್ನ ಮೈಯನ್ನೇ ಹೊಡೆಯುತ್ತಿರುವ ಕಾಯಿಲೆ ಇದು. ಅದನ್ನ ಇನ್ನೂ ಹೆಚ್ಚಿಸಬೇಕಾ?

---

ರಾತ್ರಿ ಪಾಳಿ

ಅಶ್ವಗಂಧ, ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಟ್ಟ ಉದಾಹರಣೆಗಳು ದಾಖಲಾಗಿವೆ. ಏನಾದರೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಬೈಯಲ್ಲ.

---

ತಂಗಿಯ ಫೈಲು

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ಐವಿಐಜಿಗೆ ಮೊದಲೇ ಹೆಪಟೈಟಿಸ್ ಬಿ, ಸಿ, ಐಜಿಜಿ ಎಲ್ಲಕ್ಕೂ ರಕ್ತ ತೆಗೆದಿದ್ದರು. ಬಿ, ಸಿ ಎರಡೂ ನೆಗೆಟಿವ್. ಪ್ಲೇಟ್‌ಲೆಟ್ 62,000 ಆಗಿದೆ. ಹಿಮೋಗ್ಲೋಬಿನ್ 9.4, ರಕ್ತ ಹಾಕಿಸಲೇ ಇಲ್ಲ. ಹೊಸ ಚುಕ್ಕಿ ಬರುತ್ತಿಲ್ಲ. ಇಬ್ಬರೂ ಡಾಕ್ಟ್ರು ಒಟ್ಟಿಗೆ ಕೂತು ಮಾತಾಡಿದರು, ಅದೇ ದೊಡ್ಡ ಸಮಾಧಾನ. ಮನೆಗೆ ಕರೆದುಕೊಂಡು ಬಂದಿದ್ದೇವೆ.

ಎರಡು ಅನುಮಾನ. ಸ್ಟಿರಾಯ್ಡ್ ಇಳಿಸುವಾಗ ಯಾವುದು ತಿರುಗಿ ಬರುತ್ತಿದೆ, ಲಿವರ್‌ದಾ ರಕ್ತದ್ದಾ ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು, ಮನೆಯಲ್ಲಿ ಚುಚ್ಚಿ ನೋಡಿದರೆ ಊಟದ ನಂತರ ಶುಗರ್ 240 ಬರುತ್ತಿದೆ, ಆದರೆ ಎಚ್‌ಬಿಎ1ಸಿ 4.6 ಬಂತು. ಲ್ಯಾಬಿನವರು ಡಯಾಬಿಟಿಸ್ ಇಲ್ಲ ಅಂತ ಬರೆದಿದ್ದಾರೆ.

---

ರಾತ್ರಿ ಪಾಳಿ

ಎಎಲ್‌ಟಿ ಏರಿದರೆ ಲಿವರ್ ಕಡೆ ನೋಡಬೇಕು. ಎಎಲ್‌ಟಿ ಸುಮ್ಮನಿದ್ದು ಎಎಸ್‌ಟಿ, ಎಲ್‌ಡಿಎಚ್, ಇಂಡೈರೆಕ್ಟ್ ಬಿಲಿರುಬಿನ್ ಏರಿ ಹಿಮೋಗ್ಲೋಬಿನ್ ಇಳಿದರೆ ರಕ್ತದ ಕಡೆ. ಪ್ಲೇಟ್‌ಲೆಟ್ ಒಂದೇ ಬಿದ್ದರೆ ಐಟಿಪಿ ಭಾಗ. ಅವಳ ಮಟ್ಟಿಗೆ 1.3 ಲಕ್ಷವೇ ನಾರ್ಮಲ್, ಲ್ಯಾಬ್ ಕಾಗದದ 1.5 ಲಕ್ಷ ಮುಟ್ಟಲಿ ಅಂತ ಸ್ಟಿರಾಯ್ಡ್ ಎಳೆದಾಡಬಾರದು. ಇವಾನ್ಸ್ ತಿರುಗಿ ಬರುವುದು ಸಾಮಾನ್ಯ, ಹಾಗಾಗಿ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಲಿವರ್ ಟೆಸ್ಟ್ ಒಂದೇ ದಿನ, ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ.

---

ಸ್ಲೈಡ್ ನೋಡುವವನು

ಎಚ್‌ಬಿಎ1ಸಿ ಕಾಗದ ಪಕ್ಕಕ್ಕಿಡಿ. ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನದಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿತು ಅನ್ನೋದೇ ಆ ಟೆಸ್ಟ್. ಇವರ ಕಣ ಅಷ್ಟು ದಿನ ಬದುಕಿಯೇ ಇಲ್ಲ. ಈಗ ಇರುವುದೆಲ್ಲ ಹೊಸ ಕಣ. ಅದಕ್ಕೇ ಸುಳ್ಳೇ ಕಮ್ಮಿ ಬಂದಿದೆ. ಗ್ಲೂಕೋಮೀಟರಿನ 240 ನಂಬಿ. ಖಾಲಿ ಹೊಟ್ಟೆ ಮತ್ತು ಊಟದ ನಂತರದ ಸಂಖ್ಯೆ ಬರೆದಿಟ್ಟು ಮುಂದಿನ ಭೇಟಿವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ ಹೇಳಿ.